ಹುಣಚಿ ಬೀಜದ ನಡುವೆ ಗುಲಗಂಜಿ

ಬಾಗಲಕೋಟೆ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಊರ ಹೊರಗಿನ ಹತ್ತಿ ಗಿರಣಿಯವರು ಹುತುತು ಎಂಬ ಕಬಡ್ಡಿ ಆಟದ ಒಂದು ತಂಡವನ್ನು ಸಾಕಿದ್ದರು. ಸಾಕಿದ್ದರು ಎಂದರೇ ಸರಿ. ಆಟಗಾರರಿಗೆ ಗಿರಣಿಯಿಂದ ಪಗಾರ, ಹಬ್ಬಕ್ಕೊಂದು ಧೋತರ, ಸಂಜೆಗೆ ಎಮ್ಮೆಯ ಹಾಲು. ಮಾಡಬೇಕಾದ ಕೆಲಸ ಮಾತ್ರ ಒಂದೇ, ಆಟ. ಹುನಗುಂದದ ವ್ಯಾಪಾರಿಗಳೂ ಇಂಥದೇ ತಂಡ ಕಟ್ಟಿದ್ದರು. ಈ ಎರಡು ತಂಡ ಎದುರುಬದುರಾದವೆಂದರೆ ಸುತ್ತಲಿನ ಹಳ್ಳಿಗಳವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಗಿರಣಿ ತಂಡದ ನಾಯಕ ಕಾಶಪ್ಪ. ಅಗಲ ಎದೆ, ಗಿಡ್ಡ ಕುತ್ತಿಗೆ, ಉಸಿರು ಹಿಡಿದನೆಂದರೆ ನೋಡುವವರಿಗೇ ಎದೆ ಬಿಗಿಯಬೇಕು. ಹುತುತು ಎನ್ನುತ್ತ ನಡುಗೆರೆ ದಾಟಿ ಹೋಗಿ, ಎದುರಿನವರನ್ನು ಮುಟ್ಟಿ, ಉಸಿರು ಮುರಿಯುವ ಮೊದಲು ಮರಳಿ ಬರುವುದರಲ್ಲಿ ಅವನಿಗೆ ಸಮನಾದವರು ಆ ಭಾಗದಲ್ಲಿ ಇರಲಿಲ್ಲ. ಹಾಗಂತ ಎಲ್ಲರೂ ಹೇಳುತ್ತಿದ್ದರು, ಅವನೂ ನಂಬಿದ್ದ.

ಅವನ ಮನೆ ಇದ್ದದ್ದು ಆಟದ ಬಯಲಿಗೆ ಹತ್ತಿಕೊಂಡೇ. ಅವನು, ಅವ್ವ ಗುರುಲಿಂಗವ್ವ, ಇಳಕಲ್ಲಿನಿಂದ ಮದುವೆಯಾಗಿ ಬಂದ ಹೆಂಡತಿ ಬನಶಂಕರಿ, ಮೂವರೇ. ಬನಶಂಕರಿ ಮಾತು ಕಡಿಮೆಯ ಹೆಣ್ಣು. ಗಂಡನ ಎದುರು ಉಪ್ಪು ಬೇಕೇ, ನೀರು ಬೇಕೇ ಎಂಬುದಕ್ಕಿಂತ ಹೆಚ್ಚು ಆಡಿದವಳಲ್ಲ. ಸಂಜೆ ಮೆಣಸಿನಕಾಯಿ ಎತ್ತಿಡಲು ಅತ್ತೆಯ ಜೊತೆ ಮಣ್ಣಿನ ಮಾಳಿಗೆ ಹತ್ತಿದಾಗ ಕೆಳಗೆ ಆಟ ನಡೆದಿರುತ್ತಿತ್ತು. ಮೊದಮೊದಲು ಸೆರಗು ಮುಂದೆ ಎಳೆದುಕೊಂಡು ಹಾಗೇ ಇಳಿದು ಬರುತ್ತಿದ್ದಳು. ಆಮೇಲೆ ನಿಂತು ನೋಡತೊಡಗಿದಳು. ಆಮೇಲೆ ಕೂತು.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ತಾನಾಗಿಯೇ ಅಂದಳು:

"ಒಂದ್ ಮಾತ್ ಹೇಳಿದ್ರ ಸಿಟ್ಟಾಗಂಗಿಲ್ಲಲ್ರಿ?"

"ಏನು?"

"ನೀವು ಹೊಳ್ಳಿ ಬರೂ ಮುಂಚೆ ಒಮ್ಮೆ ಹೆಗಲ ಮ್ಯಾಲಿಂದ ಗೆರಿ ನೋಡ್ತೀರಿ. ನೀವು ನೋಡಿದ ಕೂಡ್ಲೆ ಅವ್ರು ಹಾರ್ತಾರ. ಅದಕ್ಕಽ ಕಾಯ್ಕೊಂತ ನಿಂತಿರ್ತಾರ."

ಕಾಶಪ್ಪ ತಾಟನ್ನು ಸರಿಸಿದ. "ಒಲಿ ಮುಂದ ಕುಂತಾಕಿ ನನಗ ಆಟ ಕಲಸ್ತಿಯೇನು?" ಎಂದು ಎದ್ದೇ ಹೋದ. ಆದರೆ ಅಂದಿನ ಸಂಜೆ ದಾಳಿಗೆ ಹೋದಾಗ ಅವನ ಕುತ್ತಿಗೆ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ತಿರುಗಿದ್ದು ಅವನಿಗೇ ಗೊತ್ತಾಯಿತು. ಆಡಲು ಕಲಿತಂದಿನಿಂದ ಹೀಗೇ ತಿರುಗುತ್ತಿತ್ತು, ಯಾರೂ ಹೇಳಿರಲಿಲ್ಲ. ಅದನ್ನು ಕಂಡುಕೊಂಡ ಎದುರಾಳಿಗಳು ಹೇಳುವವರೂ ಅಲ್ಲ. ಹಲ್ಲು ಕಚ್ಚಿ ಆ ಚಟ ಬಿಡಿಸಿಕೊಂಡ. ಮುಂದಿನ ವಾರ ಶಿರೂರಿನಲ್ಲಿ ಆಡಿದಾಗ ಅವನನ್ನು ಒಬ್ಬರಿಗೂ ಹಿಡಿಯಲಾಗಲಿಲ್ಲ.

ಅಲ್ಲಿಂದ ಗಂಡಹೆಂಡಿರ ನಡುವೆ ಹೊಸದೊಂದು ಶುರುವಾಯಿತು. ಅವನೇ ಕೇಳುತ್ತಿದ್ದ, "ನಿನ್ನೆ ಹೆಂಗಿತ್ತು?" ಬನಶಂಕರಿ ಪಡಸಾಲೆಯ ಕಲ್ಲುಹಾಸಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಹುಣಚಿ ಬೀಜ ಇಟ್ಟು ತೋರಿಸುವಳು. ಇವ ಇಲ್ಲಿ ನಿಂತಿದ್ದ, ಅವ ಅಲ್ಲಿಗೆ ಸರಿದ, ನಡುವೆ ಇಷ್ಟು ಜಾಗ ಬಿತ್ತು, ನೀವು ಅದನ್ನು ಬಿಟ್ಟು ಎಡಕ್ಕೆ ಹೋದಿರಿ. ಸಿಕ್ಕಿಬಿದ್ದವನು ಯಾಕೆ ಸಿಕ್ಕ, ತಪ್ಪಿಸಿಕೊಂಡವನು ಯಾವ ಸಂದಿಯಿಂದ ತಪ್ಪಿಸಿಕೊಂಡ, ಎಲ್ಲ ಅವಳ ಬೆರಳ ತುದಿಯಲ್ಲಿ ಇರುತ್ತಿತ್ತು. ಗುರುಲಿಂಗವ್ವ ಅಡಕೊತ್ತು ಹಿಡಿದುಕೊಂಡು, "ಕೂಸು ಹುಟ್ಟಿದ್ರ ಅದಕ್ಕ ಆಡಾಕ ಬೀಜ ಉಳಸ್ರಿ" ಎಂದು ನಗುತ್ತಿದ್ದಳು. ಆ ದಿನಗಳಲ್ಲಿ ಕಾಶಪ್ಪ ಬಹಳ ಸುಖವಾಗಿದ್ದ.

ಅವಳು ಹೇಳಿದ್ದನ್ನು ಅವನು ಬಯಲಿನಲ್ಲಿ ತನ್ನ ಮಾತೆಂದೇ ಹೇಳುತ್ತಿದ್ದ. ತಂಡದವರು ಬೆರಗಾದರು. ಗಿರಣಿಯ ಮ್ಯಾನೇಜರ ಗುರುರಾಜರಾಯರು ತಂಡದ ಉಸ್ತುವಾರಿಯನ್ನೂ ನೋಡುತ್ತಿದ್ದವರು. ಅವರಂತೂ ಎಲ್ಲರೆದುರು ಬೆನ್ನು ಚಪ್ಪರಿಸಿ, "ತೋಳಿನ್ಯಾಗ ಬಲ ಇದ್ದವರು ಬೇಕಾದಷ್ಟು ಮಂದಿ ಇದ್ದಾರಪಾ. ನಿನಗ ತಲಿನೂ ಅದ" ಎಂದರು. ಕಾಶಪ್ಪ ತಲೆ ತಗ್ಗಿಸಿ ನಕ್ಕ. ನಿಜ ಹೇಳಬೇಕೆಂದು ಬಾಯಿವರೆಗೆ ಬಂದಿತ್ತು, ಹೊರಗೆ ಬರಲಿಲ್ಲ.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ರಾಯರು ಹೊಸ ಆಟಗಾರನೊಬ್ಬನನ್ನು ಕರೆತಂದರು. ಬಾದಾಮಿ ಸಮೀಪದ ಚೊಳಚಗುಡ್ಡದ ಈರಪ್ಪ. ತೆಳ್ಳಗಿನ ಆಳು, ಉದ್ದ ಕಾಲು, ಮಾತಾಡಿಸಿದರೆ ನೆಲ ನೋಡುವ ಸ್ವಭಾವ. ಆದರೆ ಗೆರೆ ದಾಟಿದನೆಂದರೆ ಬೇರೆಯೇ ಮನುಷ್ಯ. ಒಬ್ಬನ ಮುಖ ನೋಡುತ್ತ ಇನ್ನೊಬ್ಬನನ್ನು ಎಡಗಾಲಿನಿಂದ ತಟ್ಟಿ, ಮುಟ್ಟಿಸಿಕೊಂಡವನಿಗೆ ಅರಿವಾಗುವ ಮೊದಲೇ ತನ್ನ ಕಡೆ ನಿಂತಿರುತ್ತಿದ್ದ.

ಮರುದಿನ ಪಡಸಾಲೆಯಲ್ಲಿ ಬೀಜ ಹರಡಿದಾಗ ಹುಣಚಿ ಬೀಜಗಳ ನಡುವೆ ಕೆಂಪಗೆ ಹೊಳೆಯುವ ಒಂದು ಗುಲಗಂಜಿ ಕಂಡಿತು.

"ಇದ್ಯಾರು?" ಎಂದ ಕಾಶಪ್ಪ.

"ಹೊಸಬ್ರು. ಈರಪ್ಪಂತಲ್ಲ, ಅವ್ರು."

"ಮತ್ತ ನಾ ಎಲ್ಲಿದ್ದೀನಿ?"

ಅವಳು ಒಂದು ಹುಣಚಿ ಬೀಜದ ಮೇಲೆ ಬೆರಳಿಟ್ಟಳು. "ಇಲ್ಲಿ."

"ನಾನು ಎಲ್ಲಾರಂಗ ಹುಣಚಿ ಬೀಜ. ಅವ ಗುಲಗಂಜಿ."

ಬನಶಂಕರಿ ನಕ್ಕುಬಿಟ್ಟಳು. "ಅವ್ರ ಆಟ ನನಗಿನ್ನೂ ಗುರ್ತಿಲ್ಲ, ಕಣ್ಣಿಗೆ ಬೀಳ್ಲಿ ಅಂತ ಇಟ್ಟೀನ್ರಿ. ನಿಮ್ಮನ್ನ ಗುರ್ತಿಸಾಕ ನನಗ ಬಣ್ಣ ಬೇಕೇನು?"

ಒಳ್ಳೆಯ ಮಾತೇ. ಆದರೆ ಕಾಶಪ್ಪನಿಗೆ ಮಾತು ಕಿವಿಯಲ್ಲಿ ಉಳಿಯಲಿಲ್ಲ, ನಗು ಉಳಿಯಿತು. ಹಾಗೆ ಬಾಯಿ ತುಂಬ ಅವಳು ನಕ್ಕದ್ದನ್ನು ಅವನು ಅದೇ ಮೊದಲು ನೋಡಿದ್ದು. ಅದೂ ಈರಪ್ಪನ ಹೆಸರು ಬಂದಾಗ.

ಅಂದಿನಿಂದ ಅವನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಅವಳು ಆಟದ ಮಾತೆತ್ತಿದರೆ ಮೊದಲು ಯಾರ ಹೆಸರು ಬರುತ್ತದೆ ಎಂದು ಕಿವಿಗೊಟ್ಟು ಕೂಡತೊಡಗಿದ. "ಈರಪ್ಪ ಎದುರಿನವ್ರ ಕಾಲ್ ನೋಡಂಗಿಲ್ರಿ, ಮಕಾ ನೋಡ್ತಾರ" ಎಂದರೆ ಚುಚ್ಚುತ್ತಿತ್ತು. ಒಂದು ದಿನ ಅವನ ಹೆಸರೇ ಎತ್ತದಿದ್ದರೆ ಇನ್ನೂ ಚುಚ್ಚುತ್ತಿತ್ತು. ಬೇಕಂತಲೇ ಮುಚ್ಚಿಡುತ್ತಿದ್ದಾಳೆ ಎನಿಸುತ್ತಿತ್ತು. ಬಯಲಿನಲ್ಲಿ ಈರಪ್ಪ ದಾಳಿಗೆ ಹೊರಟರೆ ಕಾಶಪ್ಪನ ಕಣ್ಣು ಮಾಳಿಗೆಗೆ ಹೋಗುತ್ತಿತ್ತು. ಅವಳು ಕತ್ತು ಮುಂದೆ ಚಾಚಿದಳೇ? ಸೆರಗು ಸರಿಮಾಡಿಕೊಂಡಳೇ? ಹೀಗೆ ಮೇಲೆ ನೋಡುತ್ತಿದ್ದಾಗಲೇ ಒಂದು ಸಂಜೆ ಇನ್ನೂ ಆಟ ಕಲಿಯುತ್ತಿದ್ದ ಹುಡುಗನೊಬ್ಬ ಅವನನ್ನು ಮುಟ್ಟಿ ಔಟ್ ಮಾಡಿಕೊಂಡು ಹೋದ. ತಂಡವೆಲ್ಲ ನಕ್ಕಿತು. ಈರಪ್ಪ ಮಾತ್ರ ನಗಲಿಲ್ಲ. "ಬಿಸಲು ಕಣ್ಣಿಗೆ ಬಿತ್ತು ಕಾಣತೈತಿ ಅಣ್ಣಗ" ಎಂದ. ಅವನ ಆ ಮರ್ಯಾದೆಯೂ ಕಾಶಪ್ಪನಿಗೆ ಉರಿ ಹಚ್ಚಿತು. ಕೆಟ್ಟವನಾಗಿದ್ದರೆ ದ್ವೇಷಿಸುವುದಾದರೂ ಸುಲಭವಿತ್ತು.

ಬಾದಾಮಿಯಲ್ಲಿ ದೊಡ್ಡ ಪಂದ್ಯ ಗೊತ್ತಾಯಿತು. ಹೋಗುವುದಕ್ಕೆ ಕೆಲವು ದಿನ ಮೊದಲು ಗುರುರಾಜರಾಯರು ಕಾಶಪ್ಪನನ್ನು ಪಕ್ಕಕ್ಕೆ ಕರೆದರು.

"ಈ ಸಲ ಮೊದಲನೇ ದಾಳಿಗೆ ಈರಪ್ಪನ್ನ ಕಳಸೋಣು. ಅವನ ಆಟ ಹುನಗುಂದದವರು ನೋಡಿಲ್ಲ. ನೀ ಹಿಂದಿಂದ ಹೋಗು. ಏನಂತಿ?"

ಅಷ್ಟು ವರ್ಷ ಮೊದಲು ಗೆರೆ ದಾಟಿದವನು ಕಾಶಪ್ಪನೇ. "ನೀವು ಹೇಳಿದಂಗ್ರಿ" ಎಂದ. ಮನೆಗೆ ಬಂದು ತಂಬಿಗೆ ತುಂಬ ನೀರು ಕುಡಿದ.

ಬನಶಂಕರಿ ಜೋಳ ಹಸನು ಮಾಡುತ್ತಿದ್ದಳು. ಅವನು ಎದುರಿಗೆ ಕೂತು ಮೆತ್ತಗೆ ಕೇಳಿದ:

"ಈರಪ್ಪನ ಆಟದಾಗ ಕಸರು, ತಪ್ಪು ಏನೂ ಇಲ್ಲೇನು?"

ಅವಳ ಮುಖ ಅರಳಿತು. ಎಷ್ಟೋ ದಿನಗಳಿಂದ ಮುಖ ಗಂಟಿಕ್ಕಿಕೊಂಡಿದ್ದ ಗಂಡ ಮತ್ತೆ ಆಟದ ಮಾತಾಡುತ್ತಿದ್ದಾನಲ್ಲ ಎಂದು ಮೊರವನ್ನು ಬದಿಗಿಟ್ಟಳು.

"ಐತ್ರಿ. ಎಡಗಾಲಿಂದ ಒದಿಯೂ ಮುಂದ ಬಲಗಾಲ ಮ್ಯಾಲೆ ಅಷ್ಟೂ ಭಾರ ಹಾಕ್ತಾರ. ಆ ಗಳಿಗ್ಯಾಗ ಬಲಗಾಲು ನೆಲಕ್ಕ ನೆಟ್ಟಂಗ ಆಗ್ತೈತಿ. ಹಿಂದಿನ ಮೂಲ್ಯಾಗಿನವ ಬಗ್ಗಿ ಅದನ್ನ ಹಿಡಿದ್ರ ಮುಗೀತು. ಮತ್ತ ಬಲಗಾಲು ಒಂದೀಟು ಮಡಚಿ ಇಡಾಕ ಹೇಳ್ರಿ ಅವ್ರಿಗೆ. ಮರೀಬ್ಯಾಡ್ರಿ."

"ಹೇಳ್ತೇನಿ" ಎಂದ ಕಾಶಪ್ಪ.

ಈರಪ್ಪನಿಗೆ ಹೇಳಲಿಲ್ಲ.

ತಂಡ ರೈಲಿನಲ್ಲಿ ಬಾದಾಮಿಗೆ ಹೋಯಿತು. ಸಣ್ಣ ತಂಡಗಳೆಲ್ಲ ಸೋತು, ಎಲ್ಲರೂ ಅಂದುಕೊಂಡಂತೆ ಕೊನೆಗೆ ಉಳಿದದ್ದು ಗಿರಣಿ ಮತ್ತು ಹುನಗುಂದ. ಅಲ್ಲಿಯವರೆಗೆ ರಾಯರು ಈರಪ್ಪನನ್ನು ಬಯಲಿಗೆ ಇಳಿಸಿರಲಿಲ್ಲ. ಕೊನೆಯ ಪಂದ್ಯದ ಮುಂಜಾನೆ ಕೆರೆಯ ಪಾವಟಿಗೆಯ ಮೇಲೆ ಹುನಗುಂದದ ನಾಯಕ ಹೊಳಬಸಪ್ಪ ಒಬ್ಬನೇ ಕೂತು ಅರಿವೆ ಹಿಂಡುತ್ತಿದ್ದ. ಕಾಶಪ್ಪನಿಗೂ ಅವನಿಗೂ ಹಳೆಯ ಗುರುತು. ಎದುರಾಳಿಗಳಾದರೂ ಒಬ್ಬರ ತಂಬಾಕು ಒಬ್ಬರು ತಿಂದವರು.

"ಏನಲೇ ಕಾಶ್ಯಾ, ಯಾವನೋ ಹೊಸಬನ್ನ ತಂದೀರಂತ. ಭಾರೀ ಆಡ್ತಾನಂತಲ್ಲ?"

ಕಾಶಪ್ಪ ನೀರಿನಲ್ಲಿ ಕಾಲಿಟ್ಟು ಕೂತ. ಕೆಂಪು ಗುಡ್ಡದ ನೆರಳು ಕೆರೆಯಲ್ಲಿ ಅಲುಗುತ್ತಿತ್ತು. ಏನೂ ಹೇಳದೆ ಎದ್ದು ಹೋಗಬಹುದಿತ್ತು.

"ಎಡಗಾಲಿಂದ ಒದೀತಾನ" ಎಂದ. "ಒದಿಯೂ ಮುಂದ ಬಲಗಾಲು ನೆಡತೈತಿ. ಮೂಲ್ಯಾಗಿಂದ ಬಗ್ಗಿ ಹಿಡಿದ್ರ ಹಾರಾಕ ಬರಂಗಿಲ್ಲ ಅವಗ."

ಹೊಳಬಸಪ್ಪ ಹಿಂಡುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. "ನಿನ್ನ ಮಂದಿನಽ ಅಲ್ಲೇನಲೇ ಅವ?"

"ಒಮ್ಮೆ ಸಿಕ್ಕು ಬಿದ್ರ ಸೊಕ್ಕು ಇಳೀತೈತಿ. ಆಮ್ಯಾಲೆ ನಾ ಬರ್ತೇನಿ, ನೋಡ್ಕೋ."

ಹೊಳಬಸಪ್ಪ ಮತ್ತೆ ಅರಿವೆ ಹಿಂಡತೊಡಗಿದ. ಕಾಶಪ್ಪ ಮೆಟ್ಟಿಲು ಹತ್ತುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ಔಟ್, ಅಷ್ಟೇ. ಯಾರಿಗೇನು ಕೆಡುಕು? ಪಂದ್ಯ ಗೆದ್ದುಕೊಡುವವನು ನಾನೇ ಇದ್ದೇನಲ್ಲ.

ಗುಡ್ಡದ ಬುಡದ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಗುರುಲಿಂಗವ್ವ ಬಾದಾಮಿಯ ಬನಶಂಕರಿ ದೇವಿಗೆ ಹರಕೆ ಹೊತ್ತಿದ್ದಳು. ಸೊಸೆಯನ್ನು ಕರೆದುಕೊಂಡು ಬಂದು ಕಾಯಿ ಒಡೆಸಿ, ಮಧ್ಯಾಹ್ನ ಇಬ್ಬರೂ ಪಂದ್ಯಕ್ಕೆ ಬಂದರು. ಹೆಣ್ಣುಮಕ್ಕಳೆಲ್ಲ ಗುಡ್ಡದ ಇಳಿಜಾರಿನ ಬಂಡೆಗಳ ಮೇಲೆ ಕೂತಿದ್ದರು. ಅಲ್ಲಿಂದ ಆಟದ ಅಂಗಳ ಅಂಗೈಯಂತೆ ಕಾಣುತ್ತಿತ್ತು.

ಈರಪ್ಪ ಮೊದಲ ದಾಳಿಗೆ ಹೋದ. ಎಡಗಾಲು ಎತ್ತಿದ್ದೇ ತಡ, ಮೂಲೆಯವನು ಬಗ್ಗಿ ಬಲಗಾಲನ್ನು ತಬ್ಬಿದ. ಔಟ್. ಹುನಗುಂದದವರ ಶಿಳ್ಳೆ ಗುಡ್ಡಕ್ಕೆ ಬಡಿದು ಮರಳಿತು. ಕಾಶಪ್ಪನ ಎದೆಯಲ್ಲಿ ಒಂದು ತಂಪು ಇಳಿದದ್ದು ನಿಜ. ಈರಪ್ಪ ಮತ್ತೆ ಒಳಗೆ ಬಂದಾಗ ರಾಯರು ಅವನನ್ನೇ ಕಳಿಸಿದರು. ಮತ್ತೆ ಅದೇ ಕಾಲು, ಅದೇ ಹಿಡಿತ. ಮೂರನೆಯ ಸಲ ಹಿಡಿತ ಬಿದ್ದಾಗ ಈರಪ್ಪ ಗೆರೆಯ ಕಡೆಗೆ ಮೈ ಎಸೆದ. ಕಾಲು ಮಾತ್ರ ಹಿಂದೆಯೇ ಉಳಿಯಿತು. ಅದರ ಮೇಲೆ ಇಡೀ ಹುನಗುಂದ ತಂಡ ಬಿತ್ತು. ಎಲ್ಲರೂ ಎದ್ದರು, ಅವನು ಏಳಲಿಲ್ಲ. ಮೊಣಕಾಲು ಹಿಡಿದುಕೊಂಡು ಹೊರಳಾಡಿದ. ಅವನ ಬಾಯಿಂದ ಬಂದ ದನಿ ಕಾಶಪ್ಪನ ತಂಪನ್ನು ಒಂದೇ ಗಳಿಗೆಯಲ್ಲಿ ಅಳಿಸಿಹಾಕಿತು.

ಕಾಶಪ್ಪ ಬಂಡೆಗಳ ಕಡೆ ನೋಡಿದ. ಕೂತ ಹೆಂಗಸರ ನಡುವೆ ಒಬ್ಬಳೇ ಎದ್ದು ನಿಂತಿದ್ದಳು. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

ಅರ್ಧ ಆಟ ಮುಗಿದಾಗ ಗಿರಣಿ ತಂಡ ಬಹಳ ಹಿಂದಿತ್ತು. ಬೇವಿನ ನೆರಳಲ್ಲಿ ಈರಪ್ಪನನ್ನು ಮಲಗಿಸಿದ್ದರು. ಗಂಡಸರ ಗುಂಪಿನ ನಡುವೆ ದಾರಿ ಮಾಡಿಕೊಂಡು ಬನಶಂಕರಿ ಬಂದಳು. ಹಿಂದೆ ಏದುಸಿರು ಬಿಡುತ್ತ ಗುರುಲಿಂಗವ್ವ. ಬನಶಂಕರಿ ಬಾತ ಮೊಣಕಾಲನ್ನು ನೋಡಿದಳು, ಆಮೇಲೆ ಗಂಡನನ್ನು.

"ಇವ್ರಿಗೆ ಹೇಳಿದ್ರೇನು?"

"ಹೇಳಿದ್ನೆಲ್ಲ" ಎಂದ ಕಾಶಪ್ಪ.

ಈರಪ್ಪ ನೋವಿನಲ್ಲೇ ತಲೆ ಎತ್ತಿದ. "ಏನ್ ಹೇಳಿದ್ದಿ, ಅಣ್ಣಾ?"

ಬನಶಂಕರಿಯ ತುಟಿ ಬಿಳುಪೇರಿತು. ಮೂರು ಸಲವೂ ಅದೇ ಕಾಲಿಗೆ ಕಾದು ಕೂತು ಕೈಹಾಕಿದವರಿಗೆ ಅದು ತಾನಾಗಿ ಹೊಳೆದದ್ದಲ್ಲ ಎಂದು ಅವಳು ಬಂಡೆಯ ಮೇಲಿಂದಲೇ ಕಂಡಿದ್ದಳು. ತಾನು ಹೇಳಿದ್ದು ಒಬ್ಬನಿಗೇ. ಈಗ ಈರಪ್ಪನೂ ಕಾಶಪ್ಪನನ್ನು ನೋಡುತ್ತಿದ್ದ, ಅವನ ಕಣ್ಣಲ್ಲಿ ನಿಧಾನಕ್ಕೆ ಏನೋ ತಿಳಿಯಾಗುತ್ತಿತ್ತು.

ಅವಳು ಗಂಡನಿಗೆ ಬೆನ್ನು ಮಾಡಿ ರಾಯರ ಕಡೆ ತಿರುಗಿದಳು. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ.

"ಸಾಹೇಬ್ರ, ಅವ್ರ ಮೂಲ್ಯಾಗಿನವ್ಗ ಈಗ ಕಾಲಿನ ರುಚಿ ಹತ್ತೈತ್ರಿ. ಯಾರ್ ಹೋದ್ರೂ ಕಾಲಿಗೇ ಬಗ್ಗತಾನ. ಬಗ್ಗಿದ್ರ ಅವನ ಹಿಂದ ಗುಡ್ಡದ ಕಡಿ ಜಾಗ ಖಾಲಿ ಬೀಳತೈತಿ. ಒದ್ದಂಗ ಮಾಡಬೇಕು, ಒದೀಬಾರದು. ಅವ ಬಗ್ಗಿದ ಕೂಡ್ಲೆ ಬೆನ್ನ ಮುಟ್ಟಿ ಅದಽ ಖಾಲಿ ಜಾಗದಾಗಿಂದ ಸುತ್ತು ಹೊಡದು ಬರಬೇಕು."

ರಾಯರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಯಾರವಾ ನೀನು?"

"ಕಾಶಪ್ಪನ ಹೇಣ್ತಿರಿ" ಎಂದರು ಯಾರೋ.

ರಾಯರು ಕಾಶಪ್ಪನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. "ಅಂದ್ರ ಇಷ್ಟ ದಿನ..." ಎಂದು ಅಲ್ಲಿಗೇ ನಿಲ್ಲಿಸಿದರು. "ಕಾಶಪ್ಪ, ಕೇಳಿದೆಲ್ಲ? ಹೋಗು, ಹಂಗ ಮಾಡು."

ಕಾಶಪ್ಪ ಹೋದ, ಹಾಗೇ ಮಾಡಿದ. ಕಾಲು ಎತ್ತಿದಂತೆ ಮಾಡಿದರೆ ಮೂಲೆಯವನು ಬಗ್ಗುತ್ತಿದ್ದ. ಬೆನ್ನು ಮುಟ್ಟಿದರೆ ಗುಡ್ಡದ ಕಡೆ ದಾರಿ ತೆರೆದಿರುತ್ತಿತ್ತು. ಹುನಗುಂದದವರು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಪಂದ್ಯ ಕೈತಪ್ಪಿತ್ತು. ಜನ ಅವನನ್ನು ಹೆಗಲ ಮೇಲೆ ಹೊತ್ತರು, ಗುಲಾಲು ಎರಚಿದರು. ಅಷ್ಟು ಎತ್ತರದಿಂದ ಅವನು ಬಂಡೆಗಳತ್ತ ನೋಡಿದ. ಅವ್ವನೂ ಇರಲಿಲ್ಲ, ಅವಳೂ ಇರಲಿಲ್ಲ. ಈರಪ್ಪನನ್ನು ಕರೆದೊಯ್ದ ದವಾಖಾನೆಯ ಗಾಡಿಯ ಹಿಂದೆ ಇಬ್ಬರೂ ಹೋಗಿದ್ದರು.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಬದುಕಿಕೊಳ್ಳುತ್ತಿದ್ದ. ಬನಶಂಕರಿ ರೊಟ್ಟಿ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಹೌದು ಇಲ್ಲ ಎನ್ನುತ್ತಿದ್ದಳು. ಆಟದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವ್ವನಿಗೂ ಎಲ್ಲ ಗೊತ್ತಾಗಿತ್ತು. "ನಿಮ್ಮಪ್ಪ ಇದ್ದಿದ್ರ ಏನಂತಿದ್ನೋ" ಎಂದು ಒಮ್ಮೆ ಅಂದವಳು ಮತ್ತೆ ಆ ಮಾತು ಆಡಲಿಲ್ಲ.

ಅಷ್ಟರಲ್ಲಿ ಗುರುರಾಜರಾಯರೇ ಮನೆಗೆ ಬಂದರು. ಗುರುಲಿಂಗವ್ವನ ಮುಂದೆ ಚಾಪೆಯ ಮೇಲೆ ಕೂತು, "ನಿಮ್ಮ ಸೊಸಿ ದಿನಾ ನಮ್ಮ ಆಟ ನೋಡಿ ಎಲ್ಲಿ ತಪ್ಪತದ ಅಂತ ಹೇಳಬೇಕು. ಗಿರಣಿಯಿಂದ ಆಕಿಗೂ ಪಗಾರ ಕೊಡ್ತೇವಿ" ಎಂದು ಕೇಳಿದರು. ಮುಂದುವರಿದು, "ಈರಪ್ಪಗ ಈ ವರ್ಷ ಆಡ್ಲಿಕ್ಕೆ ಆಗೂದಿಲ್ಲ. ಆದರ ಆಟ ಬಲ್ಲವ. ನಿಮ್ಮ ಮಾಳಗಿ ಮ್ಯಾಲೆ ಕೂತು ಈಕಿ ಹೇಳಿದ್ದು ಕೆಳಗಿನವರಿಗೆ ಮುಟ್ಟಿಸ್ಲಿ. ನೀವು ಹಿರೇರು ಕೂಡಽ ಇರ್ತೀರಿ" ಎಂದರು.

ಗುರುಲಿಂಗವ್ವ ಮಗನ ಮುಖ ನೋಡಲಿಲ್ಲ. "ಆಗಲ್ರಿ" ಎಂದುಬಿಟ್ಟಳು.

ಹೀಗೆ ಕಾಶಪ್ಪ ಯಾವುದಕ್ಕೆ ಹೆದರಿ ಅಷ್ಟೆಲ್ಲ ಮಾಡಿದನೋ ಅದೇ ಅವನ ಕೈಯಾರೆ ಆಯಿತು. ಅವನು ಕೆಳಗೆ ಬೆವರಿಳಿಸಿ ಆಡುವಾಗ ಅವನದೇ ಮನೆಯ ಮಾಳಿಗೆಯ ಮೇಲೆ ಬನಶಂಕರಿ ಮತ್ತು ಈರಪ್ಪ ಕೂತಿರುತ್ತಿದ್ದರು. ಆಟ ಮುಗಿದ ಮೇಲೆ ಈರಪ್ಪ ಬಡಿಗೆ ಊರಿಕೊಂಡು ಬಂದು, "ಅಣ್ಣಾ, ಎಡಕ್ಕ ಸರೀವಾಗ ಭಾಳ ದೊಡ್ಡ ಹೆಜ್ಜಿ ಇಡಾಕತ್ತೀಯಂತ, ಅಕ್ಕಾರು ಹೇಳ್ಯಾರ" ಎನ್ನುತ್ತಿದ್ದ. ಹೆಂಡತಿ ತನಗೆ ಹೇಳಬೇಕಾದ ಮಾತು ಅವನ ಬಾಯಿಂದ ಬರುತ್ತಿತ್ತು. ಕಾಶಪ್ಪ ತಲೆ ಆಡಿಸುತ್ತಿದ್ದ.

ಒಂದು ಸಂಜೆ ತಡೆಯಲಾಗಲಿಲ್ಲ. ಆಟದ ನಡುವೆ ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯೊಳಗೆ ಹೊಕ್ಕು, ಸಪ್ಪಳವಾಗದಂತೆ ನಿಚ್ಚಣಿಕೆ ಹತ್ತಿದ. ಏನನ್ನು ಹಿಡಿಯಲು ಹೋಗುತ್ತಿದ್ದೇನೆಂದು ಅವನಿಗೇ ತಿಳಿಯದು. ತಲೆಯನ್ನಷ್ಟೇ ಮೇಲೆ ಚಾಚಿ ನೋಡಿದ.

ಬನಶಂಕರಿ ಮಾಳಿಗೆಯ ಒಂದು ಅಂಚಿನಲ್ಲಿ ಮೊಣಕಾಲಿಗೆ ಗದ್ದ ಕೊಟ್ಟು ಕೆಳಗೆ ನೋಡುತ್ತಿದ್ದಳು. ನಡುವೆ ಗುರುಲಿಂಗವ್ವ ಹತ್ತಿ ಹಿಂಜುತ್ತಿದ್ದಳು. ಇನ್ನೊಂದು ಅಂಚಿನಲ್ಲಿ ಈರಪ್ಪ ಕೆಟ್ಟ ಕಾಲನ್ನು ನೀಳವಾಗಿ ಚಾಚಿ ಕೂತಿದ್ದ. ಇಬ್ಬರ ನಡುವೆ ಮಾತಿಲ್ಲ. ಈರಪ್ಪ ಅವಳ ಕಡೆ ನೋಡುತ್ತಲೇ ಇರಲಿಲ್ಲ. ಕೆಳಗೆ ಯಾರೋ ದಾಳಿಗೆ ಹೋದ. ಈರಪ್ಪನ ತುಟಿ ಸದ್ದಿಲ್ಲದೆ ಹುತುತು ಎಂದಿತು. ಚೆನ್ನಾಗಿದ್ದ ಎಡಗಾಲಿನ ಬೆರಳುಗಳು ಮಣ್ಣನ್ನು ಕೆರೆದವು. ಉಂಡವರ ತಾಟು ನೋಡುತ್ತ ಕೂತ ಹಸಿದವನ ಮುಖ ಅವನದಾಗಿತ್ತು.

ಕಾಶಪ್ಪನಿಗೆ ಅಷ್ಟು ದಿನ ಹೆಂಡತಿಯ ಮೇಲಿನ ತನ್ನ ಹಕ್ಕೊಂದೇ ಕಣ್ಣಿಗೆ ಕಾಣುತ್ತಿತ್ತು. ತಾನು ಆ ಮನುಷ್ಯನಿಂದ ಕಿತ್ತುಕೊಂಡದ್ದು ಏನೆಂದು ಈಗ ಕಂಡಿತು. ಪೂರ್ತಿ ಮೇಲೆ ಹತ್ತಿ ನಿಂತ.

"ಈರಪ್ಪ, ಹೊಳಬಸಪ್ಪಗ ಹೇಳಿದಾಂವ ನಾನಽ."

"ಗೊತ್ತೈತಣ್ಣಾ" ಎಂದ ಈರಪ್ಪ, ಕಣ್ಣು ಬಯಲಿನ ಮೇಲಿಂದ ತೆಗೆಯದೆ.

"ಗೊತ್ತಿದ್ದೂ ನನ್ನ ಮನಿಗೆ ಬಂದು ಕುಂದ್ರತೀಯಲ್ಲೋ?"

"ಇಲ್ಲಿಂದ ಆಟ ಕಾಣತೈತಿ. ಮತ್ತೆಲ್ಲಿ ಹೋಗಿ ಕುಂದರ್ಲಿ?" ಎಂದ. ಚಾಚಿದ ಕಾಲನ್ನು ಕೈಯಿಂದ ಸರಿಸಿಕೊಳ್ಳುತ್ತ ಅಂದ: "ನಿನ್ನ ಮ್ಯಾಲೆ ಸಿಟ್ಟೈತಿ. ಇಲ್ಲ ಅನ್ನಂಗಿಲ್ಲ. ಭಾಳ ಐತಿ."

ಬನಶಂಕರಿ ತಿರುಗಿದಳು. ಎಷ್ಟೋ ದಿನಗಳ ಮೇಲೆ ಗಂಡನ ಮುಖವನ್ನು ನೇರವಾಗಿ ನೋಡಿದಳು. ಕ್ಷಮಿಸಿದ ಮುಖವೇನಲ್ಲ ಅದು.

"ಕೆಳಗ ನಡೀರಿ" ಎಂದಳು. "ನಿಮ್ಮ ಜಾಗ ಖಾಲಿ ಬಿದ್ದೈತಿ. ಎಲ್ಲಾರೂ ಅಲ್ಲೇ ನುಗ್ಗಾಕತ್ತಾರ."

ಅವನು ನಿಚ್ಚಣಿಕೆ ಇಳಿದ. ಎರಡು ಮೆಟ್ಟಿಲು ಇಳಿದವನು ಮತ್ತೆ ತಲೆ ಎತ್ತಿ ಅವರಿಬ್ಬರ ನಡುವಿನ ಅಂತರ ನೋಡಿದ. ನೋಡಿದ್ದಕ್ಕೆ ನಾಚಿಕೆಯಾಯಿತು. ಆದರೂ ನೋಡಿದ್ದ. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಆರಿಹೋಗುವಂಥದಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಈರಪ್ಪನ ಮೊಣಕಾಲು ಮೊದಲಿನಂತೆ ಆಗಲಿಲ್ಲ. ಮುಂದಿನ ವರ್ಷ ಬಯಲಿಗೆ ಇಳಿದನಾದರೂ ದಾಳಿಗೆ ಹೋಗುವುದು ಮುಗಿದಿತ್ತು. ಹಿಡಿಯುವವರ ಸಾಲಿನಲ್ಲಿ, ಮೂಲೆಯಲ್ಲಿ ನಿಲ್ಲು ಎಂದು ಬನಶಂಕರಿಯೇ ಹೇಳಿ ಕಳಿಸಿದ್ದಳು. ಎದುರಿನವರ ಕಾಲು ಯಾವಾಗ ನೆಲಕ್ಕೆ ನೆಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೂಲೆಯವನು ತನ್ನ ಪಕ್ಕದವನ ಕೈ ಹಿಡಿದು ಸರಪಳಿಯಾಗಿ ನಿಲ್ಲಬೇಕು, ಅದು ಆಟದ ರೂಢಿ. ಪಕ್ಕದಲ್ಲಿ ನಿಂತವನು ಕಾಶಪ್ಪ. ಎದುರಿನ ದಾಳಿಗಾರ ಗೆರೆ ದಾಟಿ ಬರುತ್ತಿದ್ದ. ಕಾಶಪ್ಪ ಕೈ ಚಾಚಿದ. ಈರಪ್ಪ ಒಂದು ಗಳಿಗೆ ಆ ಕೈಯನ್ನು ನೋಡಿ, ಆಮೇಲೆ ಗಟ್ಟಿಯಾಗಿ ಹಿಡಿದ.